ಕಿಲೋಮೀಟರ್ ನೋಡಿದ್ದು ಸಾಕು, ಗಂಟೆ ಎಣಿಸಿ: ಗಾಡಿಯ ಇಂಜಿನ್ ಆಯಿಲ್ ಯಾವಾಗ ಬದಲಿಸಬೇಕು?

ಜೀವಾಮೃತ, ಬೆಳೆ ಸರದಿ, ಎಲೆ ಮುರುಟು ರೋಗ ಅಂತ ಬರೆಯೋನು ಈ ವಾರ ಇಂಜಿನ್ ಆಯಿಲ್ ಹಿಡ್ಕೊಂಡು ಕೂತಿದ್ದಾನಲ್ಲ ಅಂತ ನಿಮಗೆ ಅನ್ನಿಸಬಹುದು. ಕಾರಣ ಇದೆ. ಸಾವಯವ ಕೃಷಿಗೆ ಇಳಿದ ಮೇಲೆ ನನಗೆ ಒಂದೇ ಏಟಿಗೆ ಅತಿ ಹೆಚ್ಚು ನಷ್ಟ ಮಾಡಿದ್ದು ರೋಗವೂ ಅಲ್ಲ, ಮಳೆಯೂ ಅಲ್ಲ. ಎರಡು ಸಾವಿರ ಚಿಲ್ಲರೆ ರೂಪಾಯಿಯ ಆಯಿಲ್ ಮತ್ತು ಫಿಲ್ಟರ್. ಅದನ್ನು ಹೊತ್ತಿಗೆ ಸರಿಯಾಗಿ ಹಾಕಿಸಲಿಲ್ಲ, ಅಷ್ಟೇ.

ನಮ್ಮೂರು ಗುಬ್ಬಿ ತಾಲ್ಲೂಕಿನಲ್ಲಿದೆ. ನನ್ನದೂ ಸೇರಿ ಎಂಟು ತೋಟದ ತರಕಾರಿ, ಸೊಪ್ಪು ಒಟ್ಟು ಮಾಡಿ ತುಮಕೂರಿನ ಅಂಗಡಿಗಳಿಗೆ, ಒಂದಷ್ಟು ಮನೆಗಳಿಗೆ ಕೊಡ್ತೀನಿ. ಅದಕ್ಕೆ 2019ರಲ್ಲಿ ಒಂದು ಸೆಕೆಂಡ್‌ ಹ್ಯಾಂಡ್ ಡೀಸೆಲ್ ಪಿಕಪ್ ತಗೊಂಡೆ. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಕಂಪನಿಯ ಪುಸ್ತಕವೂ ಇತ್ತು. 10,000 ಕಿ.ಮೀ.ಗೆ ಒಮ್ಮೆ ಆಯಿಲ್ ಬದಲಿಸಿ ಅಂತ ಅದರಲ್ಲಿ ಬರೆದಿತ್ತು. ನಮ್ಮೂರಿನ ಮೆಕ್ಯಾನಿಕ್ ಅಣ್ಣ ಮಾತ್ರ 'ಐದು ಸಾವಿರಕ್ಕೇ ಹಾಕ್ಸಪ್ಪ, ನೀನು ಓಡ್ಸೋ ರೀತಿಗೆ ಹತ್ತು ಆಗಲ್ಲ' ಅಂತ ಹೇಳ್ತಾನೇ ಇದ್ದ. ನಾನು ಬಿ.ಎಸ್ಸಿ. ತೋಟಗಾರಿಕೆ ಓದಿದವನು, ಅಚ್ಚಾದ ಪುಸ್ತಕ ನಂಬೋನು. ಅವನಿಗೆ ಆಯಿಲ್ ಮಾರೋ ಆಸೆ ಅಂದುಕೊಂಡೆ.

2022ರ ಮಾರ್ಚ್ ತಿಂಗಳು. ಹಿಂದಿನ ಸಲ ಆಯಿಲ್ ಹಾಕಿಸಿ 11,400 ಕಿ.ಮೀ. ಆಗಿತ್ತು. ಟೊಮ್ಯಾಟೊ ಕೊಯ್ಲು ಜೋರಾಗಿತ್ತು, 'ಮುಂದಿನ ವಾರ ನೋಡೋಣ' ಅಂತ ಎರಡು ಮೂರು ವಾರ ತಳ್ಳಿದ್ದೆ. ಗಾಡಿ ನಿಂತಲ್ಲೇ ಓಡುತ್ತಿರುವಾಗ ಆಯಿಲ್ ಕ್ಯಾನಿನ ಚಿತ್ರದ ಕೆಂಪು ದೀಪ ಮಿಣಮಿಣ ಅನ್ನೋದು, ಆಕ್ಸಿಲರೇಟರ್ ಒತ್ತಿದರೆ ಆರಿಹೋಗೋದು. ಆರಿತಲ್ಲ, ವೈರಿಂಗ್ ಸಮಸ್ಯೆ ಇರಬೇಕು ಅಂದುಕೊಂಡೆ. ನಾಲ್ಕನೇ ದಿನ ಬೆಳಿಗ್ಗೆ 14 ಕ್ರೇಟ್ ಟೊಮ್ಯಾಟೊ, ಮೇಲೆ ಸೊಪ್ಪಿನ ಕಂತೆ ಹೊತ್ತು ಹೋಗುವಾಗ ಇಂಜಿನ್ನಿನೊಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು ಶುರುವಾಯ್ತು. ಎರಡು ನಿಮಿಷದಲ್ಲಿ ಗಾಡಿ ನಿಂತಿತು. ಮತ್ತೆ ಕೀ ತಿರುಗಿಸಿದರೆ 'ಟಕ್' ಅಂತ ಒಂದು ಸದ್ದು ಬಿಟ್ಟರೆ ಏನೂ ಇಲ್ಲ. ಸೀಜ್.

ಮೆಕ್ಯಾನಿಕ್ ಅಣ್ಣ ಇಂಜಿನ್ ತಳದ ಸಂಪ್ ಬಿಚ್ಚಿ ನನ್ನನ್ನು ಕರೆದು ತೋರಿಸಿದ. ಒಳಗಿದ್ದದ್ದನ್ನು ಎಣ್ಣೆ ಅನ್ನಲು ಆಗುತ್ತಿರಲಿಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆ ತಳಕ್ಕೆ ಹಿಡಿದ ಪಾಕ ಇರುತ್ತಲ್ಲ, ಹಾಗೆ ಕಪ್ಪಗೆ, ಅಂಟಂಟಾಗಿ ಕೂತಿತ್ತು. ಆಯಿಲ್ ಹೀರಿಕೊಳ್ಳುವ ಕೊಳವೆಯ ಜಾಲರಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗಿತ್ತು. ಇದ್ದ ಆಯಿಲ್ಲೂ ಅರ್ಧಕ್ಕೆ ಇಳಿದಿತ್ತು. ಕ್ರ್ಯಾಂಕ್ ಬೇರಿಂಗಿಗೆ ಎಣ್ಣೆ ಹೋಗದೆ ಲೋಹಕ್ಕೆ ಲೋಹ ಉಜ್ಜಿ ಕಚ್ಚಿಕೊಂಡಿತ್ತು. ಕ್ರ್ಯಾಂಕ್ ಲೇತಿಗೆ ಹೋಯಿತು. ಬೇರಿಂಗ್, ಪಿಸ್ಟನ್, ರಿಂಗ್ ಎಲ್ಲಾ ಹೊಸದು. ಒಟ್ಟು 62,000 ರೂಪಾಯಿ. ಗಾಡಿ ಕೈಗೆ ಬರಲು 19 ದಿನ. ಆ 19 ದಿನವೂ ದಿನಕ್ಕೆ 1,200 ಕೊಟ್ಟು ಬಾಡಿಗೆ ಗಾಡಿ. ಅದೂ ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ. ಸೊಪ್ಪು ಬಾಡಿ ಹೋಯಿತು, ಎರಡು ಅಂಗಡಿಯವರು ಬೇರೆಯವರ ಹತ್ತಿರ ತಗೊಳ್ಳೋಕೆ ಶುರು ಮಾಡಿದರು. ನನ್ನ ಜೊತೆ ಕೊಡುತ್ತಿದ್ದ ಏಳು ಜನರಲ್ಲಿ ಇಬ್ಬರು ಮಂಡಿಗೆ ಹಾಕಲು ಹೊರಟುಹೋದರು. ಅದರಲ್ಲಿ ಒಬ್ಬರು ಇವತ್ತಿಗೂ ವಾಪಸ್ ಬಂದಿಲ್ಲ. ಬೇಜಾರಾಗೋದು ಆ ವಿಷಯಕ್ಕೆ. ದುಡ್ಡು ಹೇಗೋ ಹೊಂದಿಸಿಕೊಂಡೆ.

ಅದೇ ಗಾಡಿ, ಅದೇ ಪುಸ್ತಕ

ನನ್ನ ತಲೆ ಕೆಡಿಸಿದ್ದು ಒಂದೇ ಪ್ರಶ್ನೆ. ಹಿರಿಯೂರಿನಲ್ಲಿ ನನ್ನ ಕಾಲೇಜಿನ ಗೆಳೆಯ ಇದ್ದಾನೆ, ದಾಳಿಂಬೆ ಬೆಳೆಗಾರ. ಅವನದೂ ಇದೇ ಮಾಡೆಲ್ ಗಾಡಿ. ಬೆಂಗಳೂರಿಗೆ ಹೈವೇಯಲ್ಲಿ ಮಾಲು ಒಯ್ದು ಬರ್ತಾನೆ. ಅವನೂ 10,000ಕ್ಕೇ ಆಯಿಲ್ ಬದಲಿಸೋದು, ಇಂಜಿನ್ ಇನ್ನೂ ಗಡಿಯಾರದ ಹಾಗಿದೆ. ಹಾಗಾದರೆ ನನ್ನದಕ್ಕೆ ಏನಾಯ್ತು? ಸಾವಿರದ ನಾನೂರು ಕಿ.ಮೀ. ಜಾಸ್ತಿ ಓಡಿಸಿದ್ದಕ್ಕೇ ಇಷ್ಟೊಂದಾ?

ಉತ್ತರ ಕೊಟ್ಟದ್ದು ನಮ್ಮಪ್ಪ, ಅವರಿಗೆ ಗೊತ್ತಿಲ್ಲದೇನೇ. 'ಎತ್ತು ಎಷ್ಟು ದೂರ ನಡೀತು ಅಂತ ಯಾರು ಲೆಕ್ಕ ಇಡ್ತಾರೋ? ಎಷ್ಟು ಹೊತ್ತು ನೊಗದ ಕೆಳಗಿತ್ತು ಅಂತ ಲೆಕ್ಕ' ಅಂದರು. ಟ್ರ್ಯಾಕ್ಟರಿಗೆ ನಾವು ಮಾಡೋದು ಅದೇ ತಾನೇ? ಟ್ರ್ಯಾಕ್ಟರಿನಲ್ಲಿ ಕಿಲೋಮೀಟರ್ ಯಾರೂ ಕೇಳಲ್ಲ, ಗಂಟೆ ಮೀಟರ್ ನೋಡ್ತೀವಿ. ನಮ್ಮ ಕಡೆಯ ಹಳೇ ಟ್ರ್ಯಾಕ್ಟರುಗಳಿಗೆಲ್ಲ 250 ಗಂಟೆ ಅನ್ನೋದು ವಾಡಿಕೆ. ಹೊಸ ಮಾಡೆಲ್‌ಗಳಲ್ಲಿ ಇನ್ನೂ ಹೆಚ್ಚು ಇರಬಹುದು, ನಿಮ್ಮ ಪುಸ್ತಕ ನೋಡಿ.

ಈಗ ಈ ಗಂಟೆಯನ್ನು ಗಾಡಿಗೆ ಹಾಕಿ ನೋಡಿ. ಗೆಳೆಯನ ಗಾಡಿ ಟೋಲ್, ನೆಲಮಂಗಲದ ಜಾಮ್ ಎಲ್ಲಾ ಸೇರಿ ಗಂಟೆಗೆ ಸರಾಸರಿ 45 ಕಿ.ಮೀ. ಹೋಗುತ್ತೆ ಅಂದುಕೊಳ್ಳಿ. 10,000 ಕಿ.ಮೀ.ಗೆ ಸುಮಾರು 222 ಗಂಟೆ. ಟ್ರ್ಯಾಕ್ಟರಿನ 250ರ ಒಳಗೇ ಇದೆ. ಇನ್ನು ನನ್ನದು? ದುರಸ್ತಿ ಆಗಿ ಬಂದ ಮೇಲೆ ಮೂರು ವಾರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ: ಕೀ ತಿರುಗಿಸಿದ ಹೊತ್ತು, ಆಫ್ ಮಾಡಿದ ಹೊತ್ತು. ದಿನಕ್ಕೆ ಸುಮಾರು 40 ಕಿ.ಮೀ., ಇಂಜಿನ್ ಓಡಿದ್ದು ಸುಮಾರು 3 ಗಂಟೆ. ಒಂದೊಂದು ತೋಟದ ಹತ್ತಿರವೂ ಕ್ರೇಟ್ ತುಂಬೋವರೆಗೆ, ತೂಕ ಹಾಕೋವರೆಗೆ, ಕಾಫಿ ಕುಡಿಯೋವರೆಗೆ ಗಾಡಿ ಆನ್‌ನಲ್ಲೇ ಇರುತ್ತಿತ್ತು. ಅಂದರೆ 10,000 ಕಿ.ಮೀ. ಮುಗಿಯಲು ನನಗೆ 250 ದಿನ, 750 ಗಂಟೆ. ಗೆಳೆಯನ ಮೂರು ಪಟ್ಟಿಗಿಂತ ಹೆಚ್ಚು! 11,400ಕ್ಕೆ ನಿಂತಾಗ ಆ ಆಯಿಲ್ 855 ಗಂಟೆ ದುಡಿದಿತ್ತು. ಮೀಟರು ಸುಳ್ಳು ಹೇಳಿರಲಿಲ್ಲ, ನಾನು ತಪ್ಪು ಮೀಟರ್ ನೋಡುತ್ತಿದ್ದೆ.

ನಿಂತಲ್ಲೇ ಓಡುವ ಒಂದು ಗಂಟೆ, ಲೋಡ್ ಎಳೆಯುವ ಒಂದು ಗಂಟೆಯಷ್ಟೇ ಭಾರ ಅಂತ ನಾನು ಹೇಳ್ತಿಲ್ಲ. ಆದರೆ ಅದು ಸೊನ್ನೆ ಅಂತೂ ಅಲ್ಲ.

ಮತ್ತೆ ಪುಸ್ತಕ ತೆಗೆದು ಓದಿದೆ. 10,000 ಅನ್ನೋ ಸಾಲಿನ ಕೆಳಗೇ ಸಣ್ಣ ಅಕ್ಷರದಲ್ಲಿ ಇತ್ತು: ಧೂಳಿನ ರಸ್ತೆ, ಅತಿ ಭಾರ, ಹತ್ತಿರದ ಓಡಾಟ, ಹೆಚ್ಚು ಹೊತ್ತು ನಿಂತಲ್ಲೇ ಓಡಿಸುವುದು ಇದ್ದರೆ ಇನ್ನೂ ಬೇಗ ಬದಲಿಸಿ. ನಾಲ್ಕಕ್ಕೆ ನಾಲ್ಕೂ ನನ್ನದೇ. ಬಹುತೇಕ ಎಲ್ಲಾ ಕಂಪನಿಗಳ ಪುಸ್ತಕದಲ್ಲೂ ಇಂಥ ಒಂದು ಟಿಪ್ಪಣಿ ಇರುತ್ತೆ. ನಾವು ರೈತರು ಗಾಡಿ ಓಡಿಸೋದೇ ಹೀಗೆ, ಹಾಗಾಗಿ ದೊಡ್ಡ ಅಕ್ಷರದ ಸಂಖ್ಯೆ ನಮ್ಮದಲ್ಲ, ಸಣ್ಣ ಅಕ್ಷರದ್ದು ನಮ್ಮದು.

ಆಯಿಲ್ ಯಾಕೆ ಕೆಡುತ್ತೆ?

ಇಂಜಿನ್ ಆಯಿಲ್ ಬರೀ ಜಾರಿಕೆಗೆ ಅಲ್ಲ. ಪಿಸ್ಟನ್ ಶಾಖ ಹೊತ್ತು ತರುತ್ತೆ, ಮಸಿಯನ್ನು ತನ್ನಲ್ಲೇ ಕರಗಿಸಿದ ಹಾಗೆ ಹಿಡಿದಿಟ್ಟುಕೊಂಡು ಫಿಲ್ಟರಿಗೆ ಒಯ್ಯುತ್ತೆ, ಇಂಧನ ಉರಿದಾಗ ಹುಟ್ಟುವ ಆಮ್ಲವನ್ನು ಮುರಿಯುತ್ತೆ. ಹುಳಿ ಮಣ್ಣಿಗೆ ಸುಣ್ಣ ಹಾಕ್ತೀವಲ್ಲ, ಹಾಗೇ ಆಯಿಲ್‌ನಲ್ಲೂ ಕ್ಷಾರದ ಅಂಶ ಬೆರೆಸಿರ್ತಾರೆ. ಸುಣ್ಣ ಖರ್ಚಾದ ಮೇಲೆ ಮಣ್ಣು ಮತ್ತೆ ಹುಳಿಯಾಗುತ್ತೆ. ಆಯಿಲ್ ಕಥೆಯೂ ಅದೇ.

ಹತ್ತಿರದ ಓಡಾಟ ಯಾಕೆ ಕೆಟ್ಟದ್ದು ಅನ್ನೋದು ನನಗೂ ಮೊದಲು ಅರ್ಥ ಆಗಿರಲಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತೆ. ಡೀಸೆಲ್ಲಿನದೂ ಹಾಗೇ. ಬಹುಪಾಲು ಸೈಲೆನ್ಸರಿನಲ್ಲಿ ಹೋಗುತ್ತೆ, ಸ್ವಲ್ಪ ಪಿಸ್ಟನ್ ಸಂದಿಯಿಂದ ಕೆಳಗಿಳಿದು ಆಯಿಲ್ ಸೇರುತ್ತೆ. ಇಂಜಿನ್ ಚೆನ್ನಾಗಿ ಕಾದು ಅರ್ಧ ಗಂಟೆ ಓಡಿದರೆ ಆ ನೀರು ಆವಿಯಾಗಿ ಹೊರಗೆ ಹೋಗುತ್ತೆ. ಎರಡು ಕಿ.ಮೀ. ಹೋಗಿ ಆಫ್, ಮತ್ತೆ ಎರಡು ಕಿ.ಮೀ. ಹೋಗಿ ಆಫ್ ಅಂದರೆ ಅಲ್ಲೇ ಉಳಿದು ಮಸಿ ಜೊತೆ ಸೇರಿ ಕೆಸರಾಗುತ್ತೆ. ಡೇರಿಗೆ ಹಾಲು ಹಾಕಿ ಬರೋಕೆ ಬೈಕ್ ತಗೊಂಡು ಹೋಗ್ತೀರಲ್ಲ, ಅದು ಇದೇ ಓಡಾಟ.

ಹಳಬರು 3,000, 5,000 ಅಂತ ಹೇಳ್ತಿದ್ದದ್ದು ಸುಳ್ಳಲ್ಲ. ಆಗಿನ ಡೀಸೆಲ್‌ನಲ್ಲಿ ಗಂಧಕ ಹೆಚ್ಚಿತ್ತು, ಅದರಿಂದ ಆಮ್ಲ ಜಾಸ್ತಿ. ಬಿಎಸ್3 ಡೀಸೆಲ್‌ನಲ್ಲಿ 350 ಪಿಪಿಎಂವರೆಗೆ ಇರಬಹುದಿತ್ತು, ಬಿಎಸ್4ರಲ್ಲಿ 50, 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಬಂದ ಬಿಎಸ್6ರಲ್ಲಿ 10. ಆಯಿಲ್ಲೂ ಸುಧಾರಿಸಿದೆ. ಆದ್ದರಿಂದ ಹೈವೇಯಲ್ಲಿ ಓಡುವ ಇವತ್ತಿನ ಕಾರಿಗೆ ಮೂರು ಸಾವಿರಕ್ಕೆಲ್ಲ ಆಯಿಲ್ ಬದಲಿಸೋದು ದುಡ್ಡು ದಂಡ. ನಮ್ಮ ಚಿಕ್ಕಪ್ಪ ಇನ್ನೂ ಹಾಗೇ ಮಾಡ್ತಾರೆ, ಹೇಳಿದರೆ ಕೇಳಲ್ಲ.

ಬೆಂಗಳೂರಲ್ಲಿರೋ ನಮ್ಮ ಭಾವನದು ಇದಕ್ಕೆ ಉಲ್ಟಾ. ಕಾರು ವರ್ಷಕ್ಕೆ ಮೂರು ಸಾವಿರ ಕಿ.ಮೀ. ಕೂಡ ಓಡಲ್ಲ. 'ಇನ್ನೂ ಹತ್ತು ಸಾವಿರ ಆಗಿಲ್ವಲ್ಲ' ಅಂತ ಮೂರು ವರ್ಷ ಒಂದೇ ಆಯಿಲ್‌ನಲ್ಲಿ ಕಳೆದಿದ್ದರು. ಪುಸ್ತಕದಲ್ಲಿ ಬರೆದಿರೋದು '10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು' ಅಂತ. ನಿಂತ ಗಾಡಿಯ ಆಯಿಲ್ಲೂ ತೇವ ಹಿಡಿದು, ಗಾಳಿಗೆ ಬೆರೆತು ಹಳಸುತ್ತೆ. ಈಗ ಅವರಿಗೆ ನಾನು ಹೇಳಿಕೊಟ್ಟಿರೋದು ಸುಲಭದ ದಾರಿ: ಆಯುಧ ಪೂಜೆಗೆ ಮುಂಚೆ ಆಯಿಲ್ ಬದಲಿಸಿ, ಆಮೇಲೆ ಕುಂಬಳಕಾಯಿ ಒಡೆಯಿರಿ.

ಕಡ್ಡಿ ನೋಡೋದು ಕಲಿಯಿರಿ

ಎಷ್ಟು ದಿನಕ್ಕೆ ಬದಲಿಸಬೇಕು ಅನ್ನೋದಕ್ಕಿಂತ ಮುಂಚೆ, ಎಷ್ಟಿದೆ ಅಂತ ನೋಡೋ ಅಭ್ಯಾಸ ಬೇಕು. ನಾನು ಸೋಮವಾರ ಸೋಮವಾರ ನೋಡ್ತಿದ್ದರೆ ಅರ್ಧಕ್ಕೆ ಇಳಿದದ್ದು ಅವತ್ತೇ ಗೊತ್ತಾಗುತ್ತಿತ್ತು. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಆಫ್ ಮಾಡಿ ಹತ್ತು ನಿಮಿಷ ಆಗಲಿ. ಆಯಿಲ್ ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆಯಿರಿ. ಎರಡು ಗುರುತಿನ ಮಧ್ಯೆ ಇರಬೇಕು. ಇರಲಿ ಬಿಡು ಅಂತ ಮೇಲಿನ ಗುರುತು ದಾಟಿಸಿ ತುಂಬಿಸೋದೂ ತಪ್ಪು. ಕ್ರ್ಯಾಂಕ್ ಕಡೆದು ನೊರೆ ಎಬ್ಬಿಸುತ್ತೆ, ನೊರೆಯಲ್ಲಿ ಜಾರಿಕೆ ಇರಲ್ಲ.

ಡೀಸೆಲ್ ಗಾಡಿಯ ಆಯಿಲ್ ಹಾಕಿದ ಎರಡೇ ದಿನಕ್ಕೆ ಕಪ್ಪಾಗುತ್ತೆ. ಅದು ಕೆಟ್ಟಿದ್ದರ ಗುರುತಲ್ಲ, ಮಸಿ ಎತ್ತಿಕೊಳ್ಳುವ ಕೆಲಸ ಮಾಡ್ತಿದೆ ಅಂತ. ಕಪ್ಪು ಬಣ್ಣ ತೋರಿಸಿ ಆಯಿಲ್ ಮಾರಲು ಬಂದರೆ ಮರುಳಾಗಬೇಡಿ. ಹೆದರಬೇಕಾದ್ದು ಬೇರೆ ಬಣ್ಣಕ್ಕೆ: ಹಾಲು ಹಾಕಿದ ಕಾಫಿಯ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ, ಗ್ಯಾಸ್ಕೆಟ್ ಹೋಗಿರಬಹುದು. ಗಾಡಿ ಓಡಿಸದೆ ಮೆಕ್ಯಾನಿಕ್ ಕರೆಸಿ. ಮಟ್ಟ ಕಡಿಮೆ ಆಗೋ ಬದಲು ಏರುತ್ತಿದ್ದರೆ, ಡೀಸೆಲ್ ವಾಸನೆ ಇದ್ದರೆ, ಇಂಧನ ಸೋರಿ ಆಯಿಲ್ ಸೇರುತ್ತಿದೆ. ಕೆಂಪು ದೀಪ ಮಿಣುಕಿದರೆ ಗಾಡಿ ಪಕ್ಕಕ್ಕೆ ಹಾಕಿ ಅಲ್ಲೇ ಆಫ್ ಮಾಡಿ. 'ಊರು ಸೇರಿಸಿಬಿಡೋಣ' ಅನ್ನೋ ಆ ಕೊನೆಯ ಎರಡು ಕಿ.ಮೀ.ಗೇ ಇಂಜಿನ್ ಹೋಗೋದು.

ನಮ್ಮ ಕೆಂಪು ಮಣ್ಣಿನ ಧೂಳಿನ ಬಗ್ಗೆಯೂ ಹೇಳಬೇಕು. ಏರ್ ಫಿಲ್ಟರ್ ಸರಿಯಿಲ್ಲದಿದ್ದರೆ ಎಂಥಾ ದುಬಾರಿ ಆಯಿಲ್ ಹಾಕಿದರೂ ಉಪಯೋಗ ಇಲ್ಲ. ಧೂಳು ಒಳಗೆ ಹೋಗಿ ಆಯಿಲ್ ಜೊತೆ ಸೇರಿದರೆ ಉಜ್ಜುಕಾಗದದ ಕೆಲಸ ಮಾಡುತ್ತೆ. ಹಳೇ ಟ್ರ್ಯಾಕ್ಟರ್‌ಗಳಲ್ಲಿ ಏರ್ ಫಿಲ್ಟರ್ ತಳದಲ್ಲಿ ಒಂದು ಬಟ್ಟಲಿನಲ್ಲಿ ಆಯಿಲ್ ಇರುತ್ತೆ. ಒಣ ಹೊಲದಲ್ಲಿ ರೋಟವೇಟರ್ ಹೊಡೆಯುವ ಕಾಲಕ್ಕೆ ಅದನ್ನು ದಿನಾ ಬಿಚ್ಚಿ ನೋಡಿ. ತಳದಲ್ಲಿ ಕೆಸರು ಕೂತಿದ್ದರೆ ತೊಳೆದು ಹೊಸ ಆಯಿಲ್ ಹಾಕಿ. ಹೆಚ್ಚು ಖರ್ಚಿಲ್ಲ, ಹತ್ತು ನಿಮಿಷದ ಕೆಲಸ, ಆದರೆ ಯಾರೂ ಮಾಡಲ್ಲ.

ಕಳೆ ತೆಗೆಯೋ ಮೆಷಿನ್, ಬೈಕ್

ಚಿಕ್ಕ ಮೆಷಿನ್ ಇರೋರು ಇದನ್ನು ತಪ್ಪದೆ ಓದಿ. ಪವರ್ ವೀಡರ್‌ಗೆ ಬರೋ ಸಣ್ಣ ಪೆಟ್ರೋಲ್ ಇಂಜಿನ್‌ಗಳಲ್ಲಿ ಆಯಿಲ್ ಹಿಡಿಯೋದೇ ಅರ್ಧ ಲೀಟರ್ ಚಿಲ್ಲರೆ, ಫಿಲ್ಟರ್ ಕೂಡ ಇರಲ್ಲ. ಆದ್ದರಿಂದ ಬೇಗ ಹಾಳಾಗುತ್ತೆ. ಹೊಸದು ತಂದಾಗ ಮೊದಲ 20 ಗಂಟೆ ಅಥವಾ ಒಂದು ತಿಂಗಳಿಗೆ, ಆಮೇಲೆ 100 ಗಂಟೆ ಅಥವಾ ಆರು ತಿಂಗಳಿಗೊಮ್ಮೆ ಅನ್ನೋದು ಸಾಮಾನ್ಯ ಲೆಕ್ಕ. ನಾಲ್ಕು ಸ್ಟ್ರೋಕಿನ ಹುಲ್ಲು ಕತ್ತರಿಸೋ ಮೆಷಿನ್‌ಗೆ ಹಿಡಿಯೋದು 100 ಎಂಎಲ್ ಆಸುಪಾಸು. ಅದಕ್ಕೆ ಮೊದಲ ಸಲ 10 ಗಂಟೆ, ಆಮೇಲೆ 50. ಎರಡು ಸ್ಟ್ರೋಕ್ ಆದರೆ ಆಯಿಲ್ ಬದಲಿಸೋ ಪ್ರಶ್ನೆಯೇ ಇಲ್ಲ, 2ಟಿ ಆಯಿಲ್ ಪೆಟ್ರೋಲ್ ಜೊತೆಗೇ ಬೆರೆಸೋದು. 25:1 ಅಂತ ಬರೆದಿದ್ದರೆ ಲೀಟರಿಗೆ 40 ಎಂಎಲ್, 50:1 ಇದ್ದರೆ 20 ಎಂಎಲ್. ನಿಮ್ಮದು ಯಾವ ಸ್ಟ್ರೋಕ್ ಅಂತ ಗೊತ್ತಿಲ್ಲದೆ ಪೆಟ್ರೋಲ್ ತುಂಬಬೇಡಿ. ಬರೀ ಪೆಟ್ರೋಲ್ ಹಾಕಿ ಎರಡು ಸ್ಟ್ರೋಕ್ ಮೆಷಿನ್ ಸುಟ್ಟುಕೊಂಡ ಹುಡುಗರನ್ನು ನೋಡಿದ್ದೀನಿ.

ಗಾಡಿಗೆ ಹಾಕಿ ಉಳಿದ ಆಯಿಲ್ಲನ್ನು ಬೈಕಿಗೆ ಸುರಿಯೋದು ಇನ್ನೊಂದು ಅಭ್ಯಾಸ. ಗೇರ್ ಬೈಕಿನಲ್ಲಿ ಕ್ಲಚ್ ಪ್ಲೇಟ್ ಕೂಡ ಅದೇ ಆಯಿಲ್‌ನಲ್ಲಿ ಮುಳುಗಿರುತ್ತೆ. ಕಾರಿನ ಆಯಿಲ್‌ನಲ್ಲಿ ಹೆಚ್ಚು ಜಾರಲಿ ಅಂತ ಬೆರೆಸಿರೋ ಅಂಶದಿಂದ ಕ್ಲಚ್ಚೇ ಜಾರೋಕೆ ಶುರುವಾಗಬಹುದು. ಬೈಕ್ ಆಯಿಲ್ ಡಬ್ಬಿ ಮೇಲೆ 'ಜಾಸೊ ಎಂಎ' ಅಥವಾ 'ಎಂಎ2' ಅಂತ ಇರುತ್ತೆ, ಅದನ್ನೇ ತಗೊಳ್ಳಿ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲ್ಲೂ ಬೇರೆ, ಇಂಜಿನ್ನಿಗೆ ಅದು ಬೇಡ. ಬಿಎಸ್6 ಡೀಸೆಲ್ ಗಾಡಿಯ ಸೈಲೆನ್ಸರಿನಲ್ಲಿ ಮಸಿ ಹಿಡಿಯೋ ಡಿಪಿಎಫ್ ಇದ್ದರೆ, ಪುಸ್ತಕದಲ್ಲಿ ಹೇಳಿರೋ ಕಡಿಮೆ ಬೂದಿಯ ದರ್ಜೆಯ ಆಯಿಲ್ಲೇ ಬೇಕು. ಅಗ್ಗದ್ದು ಹಾಕಿದರೆ ಡಿಪಿಎಫ್ ಕಟ್ಟಿಕೊಳ್ಳುತ್ತೆ, ಅದರ ಬೆಲೆ ಕೇಳಿದರೆ ತಲೆ ತಿರುಗುತ್ತೆ. 15ಡಬ್ಲ್ಯು-40, 10ಡಬ್ಲ್ಯು-30 ಅಂತ ಇರೋದು ದಪ್ಪದ ಅಳತೆ. 'ದಪ್ಪ ಇದ್ದರೆ ಒಳ್ಳೇದು' ಅನ್ನೋದು ತಪ್ಪು, ಪುಸ್ತಕದಲ್ಲಿ ಏನಿದೆಯೋ ಅದು.

ಹಳೇ ಆಯಿಲ್ ಎಲ್ಲಿ ಹೋಗುತ್ತೆ?

ಇಲ್ಲಿ ನಾನು ತಪ್ಪೊಪ್ಪಿಕೊಳ್ಳಬೇಕು. ಸಾವಯವ ಅಂತ ಬೋರ್ಡ್ ಹಾಕಿಕೊಂಡ ಮೊದಲ ವರ್ಷ, ಬೇಲಿಯ ಗೂಟಗಳಿಗೆ ಗೆದ್ದಲು ಹಿಡಿಯದಿರಲಿ ಅಂತ ಗಾಡಿಯ ಹಳೇ ಆಯಿಲ್ ಬಳಿದಿದ್ದೆ. ಊರಲ್ಲಿ ಎಲ್ಲರೂ ಮಾಡೋದು ಅದೇ. ಕೆಲವರು ದನದ ಹುಣ್ಣಿಗೂ ಹಚ್ಚುತ್ತಾರೆ. ಮಳೆ ಬಂದಾಗ ಗೂಟದ ಬುಡದಲ್ಲಿ ಬಣ್ಣಬಣ್ಣದ ಜಿಡ್ಡು ಹರಿದು ಬದನೆ ಸಾಲಿಗೆ ಹೋಗೋದು ಕಂಡಾಗ ಹೊಟ್ಟೆ ತೊಳಸಿತು. ಓಡಿದ ಆಯಿಲ್‌ನಲ್ಲಿ ಸವೆದ ಲೋಹದ ಕಣ, ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳು ಇರುತ್ತವೆ. ಹೊಸ ಆಯಿಲ್‌ಗಿಂತ ಅದು ಕೆಟ್ಟದ್ದು. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯವೇ. ದನಕ್ಕಂತೂ ಹಚ್ಚಲೇಬೇಡಿ, ನೆಕ್ಕಿದರೆ ಹೊಟ್ಟೆಗೆ ಹೋಗುತ್ತೆ. ಬಾವಿ, ಬೋರ್‌ವೆಲ್ ಹತ್ತಿರ ಚೆಲ್ಲೋದು ನಮ್ಮ ಕುಡಿಯೋ ನೀರಿಗೆ ನಾವೇ ಹಾಕಿಕೊಂಡ ಹಾಗೆ.

ಆ ಗೂಟಗಳನ್ನೆಲ್ಲ ಕಿತ್ತು ಕಲ್ಲುಕಂಬ ನೆಡಿಸಿದೆ. ಈಗ ಹಳೇ ಆಯಿಲ್ಲನ್ನು ಖಾಲಿ ಡಬ್ಬಕ್ಕೇ ಸೋಸಿ, ಮೇಲೆ 'ಹಳೇದು' ಅಂತ ಬರೆದು, ಮರುಸಂಸ್ಕರಣೆಗೆ ಒಯ್ಯುವವರಿಗೆ ಕೊಡುವ ಸರ್ವಿಸ್ ಸ್ಟೇಷನ್ನಿಗೆ ಕೊಟ್ಟುಬರ್ತೀನಿ. ಕೊಡುವ ಮುಂಚೆ ಕೇಳಿ, ಕೆಲವರು ಚರಂಡಿಗೇ ಬಿಡ್ತಾರೆ. ಕೈಗೆ ಗ್ಲೌಸ್ ಇರಲಿ. ಹೊಸ ಆಯಿಲ್ ಕ್ಯಾನ್ ಖಾಲಿಯಾದರೆ ಎಸೆಯೋ ಮುಂಚೆ ಕತ್ತರಿಸಿಬಿಡಿ, ಇಲ್ಲದಿದ್ದರೆ ಯಾರೋ ಅದಕ್ಕೆ ನಕಲಿ ತುಂಬಿ ಇನ್ನೊಬ್ಬ ರೈತನಿಗೆ ಮಾರ್ತಾರೆ. ಕೊಳ್ಳುವಾಗಲೂ ಸೀಲ್ ನೋಡಿ, ಬಿಲ್ ಕೇಳಿ. ಗಾಡಿ ವಾರಂಟಿಯಲ್ಲಿದ್ದರೆ ಆ ಬಿಲ್ ಫೋನಿನಲ್ಲಿ ಫೋಟೋ ಇರಲಿ.

ನನ್ನ ಈಗಿನ ಲೆಕ್ಕ

ದುರಸ್ತಿ ಆದ ಮೇಲೆ ನಾನು ಮಾಡಿದ ಮೊದಲ ಬದಲಾವಣೆ ಆಯಿಲ್‌ದಲ್ಲ, ಕೀಯದ್ದು. ತೋಟದ ಹತ್ತಿರ ಕ್ರೇಟ್ ತುಂಬುವಾಗ ಗಾಡಿ ಆಫ್. ಅಷ್ಟಕ್ಕೇ ದಿನದ 3 ಗಂಟೆ 1 ಗಂಟೆ 50 ನಿಮಿಷಕ್ಕೆ ಇಳಿಯಿತು, ಡೀಸೆಲ್ಲೂ ಉಳಿಯಿತು. ಈ ಲೆಕ್ಕದಲ್ಲಿ 5,000 ಕಿ.ಮೀ.ಗೆ 125 ದಿನ, ಸುಮಾರು 230 ಗಂಟೆ. ಅಂದರೆ ಮೆಕ್ಯಾನಿಕ್ ಅಣ್ಣ ಪುಸ್ತಕ ಓದದೆ ಹೇಳಿದ ಐದು ಸಾವಿರವೇ ನನಗೆ ಸರಿಯಾದ ಸಂಖ್ಯೆ. ಅವನಿಗೆ ಇದನ್ನು ಹೇಳಿದಾಗ ನಗಲೂ ಇಲ್ಲ, 'ಮುಂಚೇನೇ ಹೇಳಿದ್ನಲ್ಲ' ಅಂತ ಸ್ಪ್ಯಾನರ್ ಒರೆಸುತ್ತಾ ಕೂತ.

ನೀವೂ ಒಂದು ವಾರ ಮಾಡಿ ನೋಡಿ. ಗಾಡಿ ಆನ್ ಮಾಡಿದಾಗ, ಆಫ್ ಮಾಡಿದಾಗ ಫೋನಿನಲ್ಲಿ ಹೊತ್ತು ಬರೆದಿಡಿ, ವಾರದ ಕೊನೆಗೆ ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. ಸರಾಸರಿ 40ರ ಮೇಲೆ ಬಂದರೆ ಪುಸ್ತಕದ ಸಂಖ್ಯೆಯೇ ಸಾಕು. 20ರ ಆಸುಪಾಸು ಬಂದರೆ ಅರ್ಧ ಮಾಡಿ. ಅದಕ್ಕಿಂತ ಕೆಳಗೆ ಬಂದರೆ ಮೊದಲು ಕೀ ತಿರುಗಿಸೋ ಅಭ್ಯಾಸ ಮಾಡಿಕೊಳ್ಳಿ. ಟ್ರ್ಯಾಕ್ಟರಿನವರಿಗೆ ಒಂದು ಮಾತು: ಹಳೇ ಮಾದರಿಯ ಗಂಟೆ ಮೀಟರ್ ಇಂಜಿನ್ನಿನ ಸುತ್ತಿನ ಮೇಲೆ ಓಡುತ್ತೆ. ನಿಧಾನಕ್ಕೆ ಓಡಿಸಿದರೆ ಗಡಿಯಾರದ ಒಂದು ಗಂಟೆಗೆ ಅದು ಒಂದು ಗಂಟೆ ತೋರಿಸಲ್ಲ, ಕಡಿಮೆ ತೋರಿಸುತ್ತೆ.

ಅಮಾವಾಸ್ಯೆ ದಿನ ಹೇಗಿದ್ದರೂ ಗಾಡಿ ತೊಳೆದು, ಚಕ್ರಕ್ಕೆ ನಿಂಬೆಹಣ್ಣು ಇಡ್ತೀವಿ. ಅವತ್ತೇ ಮೀಟರಿನ ಒಂದು ಫೋಟೋ, ಆಯಿಲ್ ಕಡ್ಡಿಯ ಒಂದು ಫೋಟೋ ತೆಗೆದು ಬೇರೆ ಆಲ್ಬಮ್‌ನಲ್ಲಿ ಹಾಕ್ತೀನಿ. ಈ ಅಮಾವಾಸ್ಯೆಗೆ 4,620 ಕಿ.ಮೀ., 212 ಗಂಟೆ ಆಗಿತ್ತು. ಫಿಲ್ಟರ್ ತಂದಿಟ್ಟಿದ್ದೀನಿ, ಭಾನುವಾರ ಬೆಳಿಗ್ಗೆ ಒಂದು ಸುತ್ತು ಹೋಗಿ ಬಂದು, ಇಂಜಿನ್ ಬೆಚ್ಚಗಿರುವಾಗಲೇ ಬೋಲ್ಟ್ ಬಿಚ್ಚಬೇಕು.